ಚಕ್ರವರ್ತಿ ಸತ್ತದ್ದು ಯಾರ ಆಟದಲ್ಲಿ?

ಕುರುಕ್ಷೇತ್ರದ ಯುದ್ಧ ಮುಗಿದ ಮೇಲೆ ಹಸ್ತಿನಾವತಿಯ ಪಟ್ಟ ಯಾರಿಗಾಯಿತು ಎಂದು ಕೇಳಿದರೆ ವ್ಯಾಸಭಾರತ ಓದಿದವರು ಧರ್ಮರಾಯನಿಗೆ ಎನ್ನುತ್ತಾರೆ. 941ರಲ್ಲಿ ಪಂಪ ಬರೆದ ವಿಕ್ರಮಾರ್ಜುನ ವಿಜಯದಲ್ಲಿ ಮಾತ್ರ ಪಟ್ಟವೇರುವವನು ಅರ್ಜುನ, ಅವನ ಪಕ್ಕದಲ್ಲಿ ಕೂಡುವವಳು ಸುಭದ್ರೆ. ಆಮೇಲೆ ಬಂದ ರನ್ನನ ಗದಾಯುದ್ಧದಲ್ಲಿ ಭೀಮನಿಗೆ ಪಟ್ಟ, ದ್ರೌಪದಿ ಪಟ್ಟಮಹಿಷಿ. ಒಂದೇ ಕಥೆ, ಒಂದೇ ಯುದ್ಧ, ಮೂವರು ಅರಸರು. ಈ ಕವಿಗಳ ನಂಟು ನಮ್ಮ ಸೀಮೆಗೂ ಇದೆ. ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದು ಅವನ ತಮ್ಮ ಜಿನವಲ್ಲಭ ಹಾಕಿಸಿದ ಶಾಸನ ಹೇಳುತ್ತದೆ. ರನ್ನನಿಂದ ಅಜಿತಪುರಾಣ ಬರೆಯಿಸಿದ ಅತ್ತಿಮಬ್ಬೆ ಬಸದಿ ಕಟ್ಟಿಸಿದ್ದು ಲಕ್ಕುಂಡಿಯಲ್ಲಿ. ಗದಗ ತಾಲ್ಲೂಕಿನ ಹಿರೇಹಂದಿಗೋಳದಿಂದ ಹೊರಟವರು ಅಣ್ಣಿಗೇರಿ, ಲಕ್ಕುಂಡಿ, ಕುಮಾರವ್ಯಾಸ ಕೂತು ತನ್ನ ಭಾರತ ಬರೆದನೆಂದು ಜನ ನಂಬುವ ಗದುಗಿನ ವೀರನಾರಾಯಣನ ಗುಡಿ, ಅವನ ಊರು ಕೋಳಿವಾಡ, ಎಲ್ಲವನ್ನೂ ನೋಡಿ ಅದೇ ದಿನ ಮನೆ ಸೇರಬಹುದು. ಒಂದೇ ಕಥೆಯನ್ನು ಹಲವರು ಹಲವು ಕಾಲದಲ್ಲಿ ಮುಂದುವರಿಸಿದಾಗ ಯಾವುದನ್ನು ನಡೆದದ್ದು ಎಂದು ಹಿಡಿಯಬೇಕು ಎಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಅದೇ ಪ್ರಶ್ನೆ ಈಗ ಕಳೆದ ಐವತ್ತು ವರ್ಷಗಳಲ್ಲಿ ಹುಟ್ಟಿ ಬೆಳೆದ ಇನ್ನೊಂದು ಕಲೆಯನ್ನು ಕಾಡುತ್ತಿದೆ. ಅಲ್ಲಿ ಅದಕ್ಕೆ ಸಿಕ್ಕಿರುವ ಉತ್ತರಗಳಿಗಿಂತ ನಮ್ಮಲ್ಲಿ ರೂಢಿಯಲ್ಲಿರುವ ಉತ್ತರ ಗಟ್ಟಿಯಾದದ್ದು ಎಂಬುದು ಈ ಲೇಖನದ ವಾದ.

ಆ ಕಲೆಯ ಹೆಸರು ರೋಲ್‌ಪ್ಲೇಯಿಂಗ್ ಗೇಮ್, ಅಂದರೆ ಪಾತ್ರ ವಹಿಸುವ ಆಟ. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂಡುತ್ತಾರೆ. ಒಬ್ಬ ರೆಫರಿ. ಉಳಿದವರು ತಲಾ ಒಂದೊಂದು ಪಾತ್ರ ವಹಿಸಿಕೊಳ್ಳುತ್ತಾರೆ. ರೆಫರಿ ಸನ್ನಿವೇಶ ಹೇಳುತ್ತಾನೆ, ಆಟಗಾರರು ತಮ್ಮ ಪಾತ್ರ ಏನು ಮಾಡುತ್ತದೆ, ಏನು ಆಡುತ್ತದೆ ಎಂದು ಹೇಳುತ್ತಾರೆ, ಸಂಶಯ ಬಂದಲ್ಲಿ ದಾಳ ಉರುಳುತ್ತದೆ. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ, ಪ್ರೇಕ್ಷಕರೂ ಇರುವುದಿಲ್ಲ. ಒಂದೇ ಕಥೆ ವಾರಕ್ಕೊಮ್ಮೆ ಸೇರಿ ವರ್ಷಗಟ್ಟಲೆ ನಡೆಯುವುದುಂಟು. 1974ರಲ್ಲಿ ಅಮೆರಿಕದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದಾಗ ಇದು ಅಚ್ಚಾದ ಪುಸ್ತಕದ ರೂಪ ಪಡೆಯಿತು. ಮೂರು ವರ್ಷದ ಮೇಲೆ, 1977ರಲ್ಲಿ, ಇಲಿನಾಯ್ ರಾಜ್ಯದ ಗೇಮ್ ಡಿಸೈನರ್ಸ್ ವರ್ಕ್‌ಶಾಪ್ ಎಂಬ ಸಣ್ಣ ಕಂಪನಿ ಕಪ್ಪು ರಟ್ಟಿನ ಮೂರು ಪುಟ್ಟ ಪುಸ್ತಕಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಮಾರಿತು. ಆಟದ ಹೆಸರು ಟ್ರಾವೆಲರ್, ರಚಿಸಿದವರು ಮಾರ್ಕ್ ಮಿಲ್ಲರ್. ಸೈನ್ಯದಲ್ಲೋ ವ್ಯಾಪಾರಿ ಹಡಗಿನಲ್ಲೋ ನೌಕರಿ ಮುಗಿಸಿ ಹೊರಬಿದ್ದ ನಡುವಯಸ್ಸಿನ ಗಂಡಸರು ಹೆಂಗಸರು ನಕ್ಷತ್ರಗಳ ನಡುವೆ ಕೆಲಸ ಹುಡುಕಿಕೊಂಡು ತಿರುಗುವ ಕಥೆಗಳು ಅದರಲ್ಲಿ ಹುಟ್ಟುತ್ತವೆ. ಮೊದಲ ಡಬ್ಬಿಯಲ್ಲಿ ಇದ್ದದ್ದು ನಿಯಮ ಮಾತ್ರ. ಯಾವ ಸಾಮ್ರಾಜ್ಯ, ಯಾವ ಚಕ್ರವರ್ತಿ ಎಂಬುದನ್ನೆಲ್ಲ ಆಟಗಾರರೇ ಕಟ್ಟಿಕೊಳ್ಳಬೇಕಿತ್ತು.

ಲೋಕ ಬೇಕು ಎಂಬ ಬೇಡಿಕೆ ಬೇಗನೇ ಬಂತು, ಲೋಕವೂ ಬಂತು. ಸುಮಾರು 11,000 ಗ್ರಹಗಳನ್ನು ಆಳುವ ಮೂರನೆಯ ಸಾಮ್ರಾಜ್ಯ. ಅದಕ್ಕೆ ತನ್ನದೇ ಶಕೆ. ಹೆಚ್ಚಿನ ಆಟಗಳು ಶುರುವಾಗುವುದು ಆ ಶಕೆಯ 1105ನೇ ವರ್ಷದಲ್ಲಿ, ನಮ್ಮ ಲೆಕ್ಕದಲ್ಲಿ ಕ್ರಿಸ್ತಶಕ 57ನೇ ಶತಮಾನದಲ್ಲಿ. ಕಂಪನಿ ಹೊರಡಿಸುತ್ತಿದ್ದ ಪತ್ರಿಕೆಯಲ್ಲಿ ಆ ಲೋಕದ ಸುದ್ದಿಗಳು ತಾರೀಖಿನ ಸಮೇತ ಅಚ್ಚಾಗುತ್ತಿದ್ದವು. ಇಂಥ ಗಡಿಯಲ್ಲಿ ಬಿಗುವು, ಇಂಥ ಗ್ರಹದಲ್ಲಿ ದಂಗೆ. 1107ರಲ್ಲಿ ಐದನೆಯ ಗಡಿಯುದ್ಧ ಶುರುವಾಯಿತು ಎಂದು ಓದಿದ ರೆಫರಿ ತನ್ನ ಮೇಜಿನ ಕಥೆಗೂ ಆ ಯುದ್ಧವನ್ನು ತಂದುಕೊಳ್ಳಬಹುದಿತ್ತು. ಇಲ್ಲಿಯವರೆಗೆ ಯಾರಿಗೂ ತಕರಾರಿರಲಿಲ್ಲ. ತಕರಾರು ಎದ್ದದ್ದು 1987ರಲ್ಲಿ, ಮೆಗಾಟ್ರಾವೆಲರ್ ಎಂಬ ಹೊಸ ಆವೃತ್ತಿ ಬಂದಾಗ. ಸಾಮ್ರಾಜ್ಯದ ಶಕೆ 1116ರ 132ನೇ ದಿನ ಡ್ಯುಲಿನೋರ್ ಎಂಬ ದೊಡ್ಡ ಮಾಂಡಲಿಕ ಚಕ್ರವರ್ತಿ ಸ್ಟ್ರೆಫಾನ್‌ನನ್ನು ಕೊಂದ ಎಂದು ಅದು ಸಾರಿತು. ಸಿಂಹಾಸನಕ್ಕೆ ನಾಲ್ಕಾರು ಹಕ್ಕುದಾರರು ಎದ್ದರು, ಸಾಮ್ರಾಜ್ಯ ಒಡೆಯಿತು. 1993ರ ಮುಂದಿನ ಆವೃತ್ತಿಯಲ್ಲಿ ಯಂತ್ರಗಳನ್ನು ಹೊಕ್ಕು ಕೊಲ್ಲುವ ಒಂದು ವೈರಸ್ ನಾಗರಿಕತೆಯನ್ನೇ ನುಂಗಿತ್ತು. ಹತ್ತು ವರ್ಷ ಆಡಿ ಜನ ಹಚ್ಚಿಕೊಂಡಿದ್ದ ಲೋಕ ಬೂದಿಯಾಯಿತು.

ಒಂದು ಮೇಜಿನ ಮಟ್ಟಿಗೆ ಇದರ ಪರಿಣಾಮ ಏನು ಎಂದು ನೋಡಬೇಕು. ಒಂದು ಗುಂಪು ಐದು ವರ್ಷದಿಂದ ಆಡುತ್ತಿದೆ, ಅವರ ಕಥೆ 1112ಕ್ಕೆ ಬಂದು ನಿಂತಿದೆ ಎಂದುಕೊಳ್ಳೋಣ. ಅವರಲ್ಲೊಬ್ಬಳ ಪಾತ್ರ ಚಕ್ರವರ್ತಿಯ ಕಾವಲುಪಡೆ ಸೇರಿ ಮೇಲೇರಿದೆ. ಇನ್ನೊಬ್ಬ ಸಾಲ ಮಾಡಿ ಹಡಗು ಕೊಂಡು ಕಂತು ಕಟ್ಟುತ್ತಿದ್ದಾನೆ. ಅವರು ಮುಂದೆ ಏನು ಮಾಡಿದರೂ ನಾಲ್ಕು ವರ್ಷಕ್ಕೆ ಚಕ್ರವರ್ತಿ ಸಾಯಲೇಬೇಕು, ಕಾವಲಿನವಳು ಏನು ಮಾಡಿದರೂ ಅವನನ್ನು ಉಳಿಸಕೂಡದು, ಇಲ್ಲದಿದ್ದರೆ ಮುಂದೆ ಅಚ್ಚಾಗುವ ಯಾವ ಪುಸ್ತಕವೂ ಅವರಿಗೆ ಹೊಂದುವುದಿಲ್ಲ. ಪುಸ್ತಕವನ್ನು ಒಪ್ಪಿದರೆ ಅವರ ಐದು ವರ್ಷದ ಆಟಕ್ಕೆ ತಾನೇ ನಿರ್ಧರಿಸುವ ಶಕ್ತಿ ಹೋಯಿತು. ಬಿಟ್ಟರೆ ಅವರು ದುಡ್ಡು ಕೊಟ್ಟು ಕೊಳ್ಳುವ ಪುಸ್ತಕಗಳು ಬೇರೊಂದು ಲೋಕದ ಬಗ್ಗೆ ಮಾತಾಡತೊಡಗುತ್ತವೆ. ಹಲವರು ಹಳೆಯ ಕಾಲಕ್ಕೇ ಅಂಟಿಕೊಂಡರು. 1996ರಲ್ಲಿ ಕಂಪನಿ ಬಾಗಿಲು ಹಾಕಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಕಾಲಾನುಕ್ರಮದ ತಲೆಗೇ ಅದನ್ನೆಲ್ಲ ಕಟ್ಟುವುದು ಸರಿಯಲ್ಲ. ಆದರೆ ಆಮೇಲಿನ ನಡೆಗಳು ಬಹಳಷ್ಟನ್ನು ಹೇಳುತ್ತವೆ. 1998ರಲ್ಲಿ ಸ್ಟೀವ್ ಜಾಕ್ಸನ್ ಗೇಮ್ಸ್ ಪರವಾನಗಿ ಪಡೆದು ತಂದ ಗರ್ಪ್ಸ್ ಟ್ರಾವೆಲರ್ ಆ ಹತ್ಯೆ ನಡೆಯಲೇ ಇಲ್ಲ ಎಂದಿಟ್ಟುಕೊಂಡು ಶಕೆ 1120ರಲ್ಲಿ ಕಥೆ ಹೂಡಿತು. 2008ರಲ್ಲಿ ಬ್ರಿಟನ್ನಿನ ಮಂಗೂಸ್ ಪಬ್ಲಿಷಿಂಗ್ ಹೊಸ ಆವೃತ್ತಿ ತಂದಾಗ ಮತ್ತೆ 1105ಕ್ಕೇ ಹೋಗಿ ನಿಂತಿತು. ವರ್ಷಗಟ್ಟಲೆ ಮುಂದೆ ಸಾಗಿದ ಅಧಿಕೃತ ಚರಿತ್ರೆ, ಹೊರಟಲ್ಲಿಗೇ ಮರಳಿ ಬಂತು.

ಇದರಿಂದ ನಾನು ತೆಗೆಯುವ ತೀರ್ಮಾನ ಇಷ್ಟು. ಇಂಥ ಲೋಕಗಳಲ್ಲಿ ಕ್ಯಾನನ್, ಅಂದರೆ ಅಧಿಕೃತವಾಗಿ ನಡೆದದ್ದೆಂದು ಒಪ್ಪಬೇಕಾದ ಸಂಗತಿ, ಮೇಲಿನಿಂದ ಬರುವ ಶಾಸನ ಆಗಲಾರದು. ಅದು ಆಯಾ ಕೂಟ ಆಟಕ್ಕೆ ಕೂಡುವ ಮೊದಲು ಮಾಡಿಕೊಳ್ಳುವ ಕರಾರು. ಪ್ರಕಾಶಕರ ಕಾಲಾನುಕ್ರಮ ಆ ಕರಾರಿಗೆ ಬೇಕಾದ ಸಾಮಗ್ರಿ ಒದಗಿಸಬೇಕು, ಕರಾರನ್ನು ತಾನೇ ಬರೆಯಬಾರದು. ಕೂಟವೊಂದು ಒಂದು ತಾರೀಖನ್ನು ಹಿಡಿದು ಅದರ ಹಿಂದಿನದನ್ನೆಲ್ಲ ನಡೆದದ್ದೆಂದು ಒಪ್ಪಿದರೆ, ಅದರ ಮುಂದಿನದು ಆ ಕೂಟದ ಸ್ವತ್ತು. ಇದನ್ನು ಕೇಳಿದ ತಕ್ಷಣ ಎಲ್ಲ ಸಡಿಲಾಗಿಬಿಟ್ಟಿತು, ಯಾರು ಏನು ಬೇಕಾದರೂ ಬದಲಿಸಬಹುದು ಎಂದು ಅನಿಸಬಹುದು. ಹಾಗಲ್ಲ. ಬದಲಿಸುವವನು ಏನನ್ನು ತೆರಬೇಕಾಗುತ್ತದೆ ಎಂಬುದಕ್ಕೆ ನಮ್ಮ ಆದಿಕವಿಯೇ ಸಾಕ್ಷಿ.

ಪಂಪ ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದು ಮಾಡಿದ. ಕಾವ್ಯದ ಮೊದಲಲ್ಲೇ ಅದನ್ನು ಹೇಳಿಕೊಂಡ. ಅರಸನ ಪ್ರತಿರೂಪವಾದವನ ಹೆಂಡತಿಯನ್ನು ಐವರಿಗೆ ಹಂಚುವುದು ಹೊಂದದ್ದರಿಂದ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಒಂದು ಘಟನೆ ಬದಲಾಯಿತು. ಆದರೆ ಆ ಘಟನೆಯ ಮೇಲೆ ನಿಂತ ಬೇರೆ ಘಟನೆಗಳು ಹಾಗೇ ಉಳಿದವು. ದುಶ್ಶಾಸನ ಮುಡಿಗೆ ಕೈಹಾಕಿದಾಗ ಪ್ರತಿಜ್ಞೆ ಮಾಡುವವನು ಭೀಮ. ಯುದ್ಧಭೂಮಿಯಲ್ಲಿ ದುಶ್ಶಾಸನನನ್ನು ಕೊಂದು ಅವಳ ಮುಡಿ ಕಟ್ಟುವವನೂ ಭೀಮ. ಐವರ ಹೆಂಡತಿಯಾಗಿದ್ದಾಗ ಆ ರೋಷಕ್ಕೆ ಗಂಡನ ಹಕ್ಕಿತ್ತು. ಅರ್ಜುನನೊಬ್ಬನ ಹೆಂಡತಿಯಾದಾಗ ಕಾವ್ಯದ ನಾಯಕನೇ ಮಾಡಬೇಕಾದ ಕೆಲಸವನ್ನು ಅವನ ಅಣ್ಣ ಮಾಡಿದಂತಾಗುತ್ತದೆ. ಈ ಬದಲಾವಣೆಯನ್ನು ಪಂಪ ಕೊನೆಯವರೆಗೆ ಸರಿಯಾಗಿ ನಿಭಾಯಿಸಲಿಲ್ಲ ಎಂದು ವಿಮರ್ಶಕರು ಹಿಂದಿನಿಂದಲೂ ತೋರಿಸುತ್ತ ಬಂದಿದ್ದಾರೆ. ಅಷ್ಟಾದರೂ ಪಂಪಭಾರತ ಕನ್ನಡದ ಶಿಖರಗಳಲ್ಲೊಂದು. ಯಾಕೆಂದರೆ ಅವನ ಕರ್ಣ, ಅವನ ದುರ್ಯೋಧನ, ಅವನ ಭೀಷ್ಮ ಈ ಬದಲಾವಣೆಯ ಮೇಲೆ ನಿಂತವರಲ್ಲ. ಕರ್ಣ ಪರಶುರಾಮನ ಶಾಪ ಪಡೆಯಲೇ ಇಲ್ಲ, ಕೃಷ್ಣ ಅವನಿಗೆ ಹುಟ್ಟಿನ ಗುಟ್ಟು ಹೇಳಲೇ ಇಲ್ಲ ಎಂದು ಪಂಪ ಬರೆದಿದ್ದರೆ ಆ ಪಾತ್ರವೇ ಉಳಿಯುತ್ತಿರಲಿಲ್ಲ. ಕ್ಯಾನನ್ನಿನ ಯಾವ ಎಳೆ ಮುಖ್ಯ ಎಂಬುದನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಕಾಣುವುದಿಲ್ಲ. ಅದನ್ನು ತೆಗೆದರೆ ಇನ್ನೇನೇನು ಬೀಳುತ್ತದೆ ಎಂದು ನೋಡಬೇಕು. ಅದನ್ನು ಅಚ್ಚು ಹಾಕಿದವರು ಯಾರು ಎಂಬುದು ಆಮೇಲಿನ ಮಾತು.

ಈ ಪರೀಕ್ಷೆಯನ್ನು ಟ್ರಾವೆಲರ್ ಲೋಕಕ್ಕೆ ಹಚ್ಚಿದರೆ ಒಂದು ಸ್ವಾರಸ್ಯ ಹೊರಬೀಳುತ್ತದೆ. ಆ ಲೋಕದಲ್ಲಿ ಹಡಗೊಂದು ನಕ್ಷತ್ರದಿಂದ ನಕ್ಷತ್ರಕ್ಕೆ ಜಿಗಿಯುತ್ತದೆ. ಒಂದು ಜಿಗಿತಕ್ಕೆ, ದೂರ ಹೆಚ್ಚಿರಲಿ ಕಡಿಮೆ ಇರಲಿ, ಸುಮಾರು ಒಂದು ವಾರ. ಒಳ್ಳೆಯ ಯಂತ್ರವಿದ್ದ ಹಡಗು ಒಂದೇ ಜಿಗಿತದಲ್ಲಿ ಆರು ಪಾರ್ಸೆಕ್ ದಾಟುತ್ತದೆ, ಬಡಪಾಯಿಯದು ಒಂದೇ ದಾಟುತ್ತದೆ. ಹಡಗಿಗಿಂತ ಬೇಗ ಹೋಗುವ ತಂತಿ, ಫೋನು ಯಾವುದೂ ಅಲ್ಲಿಲ್ಲ. ಹೀಗಾಗಿ ರಾಜಧಾನಿಯ ಸುದ್ದಿ ಗಡಿಪ್ರಾಂತ ಮುಟ್ಟಲು ತಿಂಗಳುಗಟ್ಟಲೆ ಬೇಕು. ದೂರದ ಗ್ರಹದ ಅಧಿಕಾರಿ ಕೇಳಿ ಮಾಡುವಂತಿಲ್ಲ, ತಾನೇ ನಿರ್ಧರಿಸಬೇಕು. ಅದಕ್ಕೇ ಅಲ್ಲಿ ಜಹಗೀರುದಾರರು, ಮಾಂಡಲಿಕರು, ಸ್ವಂತ ಬುದ್ಧಿಯ ವ್ಯಾಪಾರಿಗಳು. ನಮ್ಮ ಸೀಮೆಯನ್ನು ಆಳಿದ ಚಾಲುಕ್ಯರಿಗೂ ವಿಜಯನಗರದವರಿಗೂ ಇದೇ ಸ್ಥಿತಿ ಇತ್ತು, ಅದಕ್ಕೇ ಅವರಿಗೂ ಮಹಾಮಂಡಲೇಶ್ವರರು, ನಾಯಕರು ಬೇಕಾದರು. ಈಗ ಒಬ್ಬ ರೆಫರಿ ತನ್ನ ಆಟದಲ್ಲಿ ಕ್ಷಣದಲ್ಲಿ ಸುದ್ದಿ ಮುಟ್ಟಿಸುವ ಯಂತ್ರವನ್ನು ತಂದ ಎನ್ನಿ. ಘಟನಾವಳಿಯ ಒಂದು ಸಾಲೂ ತಪ್ಪಿಲ್ಲ, ಆದರೂ ಇಡೀ ಲೋಕ ಕುಸಿಯಿತು. ಇನ್ನೊಬ್ಬ ರೆಫರಿ ಚಕ್ರವರ್ತಿಯನ್ನು ಸಾಯಿಸದೆ ಬಿಟ್ಟ ಎನ್ನಿ. ಗರ್ಪ್ಸ್ ಟ್ರಾವೆಲರ್ ಪುಸ್ತಕಗಳೇ ತೋರಿಸಿದ ಹಾಗೆ ಲೋಕ ಅಲ್ಲಾಡದೆ ನಿಂತಿತು. ಅಧಿಕೃತ ಪಟ್ಟಿಯಲ್ಲಿ ದೊಡ್ಡಕ್ಷರದಲ್ಲಿ ಅಚ್ಚಾಗುವುದು ಚಕ್ರವರ್ತಿಯ ಸಾವು. ಲೋಕವನ್ನು ಹಿಡಿದು ನಿಲ್ಲಿಸಿರುವುದು ಮಾತ್ರ ಜಿಗಿತದ ಆ ಒಂದು ವಾರ.

ವೈಜ್ಞಾನಿಕ ಕಥೆಯ ಲೋಕಕ್ಕೆ ಪುರಾಣದ ಅಳತೆ ಹೊಂದುವುದಿಲ್ಲ, ಅಲ್ಲಿ ಎಲ್ಲವೂ ಲೆಕ್ಕಬದ್ಧವಾಗಿರಬೇಕು ಎನ್ನುವವರಿದ್ದಾರೆ. ಲೆಕ್ಕಬದ್ಧತೆ ಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅದು ಬೇಕಾಗಿರುವುದು ಲೋಕದ ನಿಯಮಕ್ಕೆ. ನಾಳೆ ಏನಾಗುತ್ತದೆ ಎಂಬ ಪಟ್ಟಿಗೆ ಅಲ್ಲ. ವಿಜ್ಞಾನದ ಮರ್ಯಾದೆ ಇರುವುದೇ ಅಲ್ಲಿ: ನಿಯಮ ಗಟ್ಟಿಯಾಗಿದ್ದಷ್ಟೂ ಬೇರೆ ಬೇರೆ ಆರಂಭದಿಂದ ಬೇರೆ ಬೇರೆ ಫಲ ಬರುತ್ತದೆ.

ಇನ್ನೊಂದು ಆಕ್ಷೇಪಣೆಗೆ ಹೆಚ್ಚು ತೂಕವಿದೆ. ಮಹಾಭಾರತಕ್ಕೆ ಒಡೆಯನಿಲ್ಲ, ಟ್ರಾವೆಲರ್‌ಗೆ ಒಡೆಯನಿದ್ದಾನೆ. ಒಬ್ಬ ಕಷ್ಟಪಟ್ಟು ಕಟ್ಟಿದ ಲೋಕದಲ್ಲಿ ಏನಾಯಿತೆಂದು ಹೇಳುವ ಹಕ್ಕು ಅವನಿಗಿಲ್ಲವೇ? ಅಚ್ಚು ಹಾಕುವ, ಮಾರುವ, ಬೇರೆಯವರು ಮಾರದಂತೆ ತಡೆಯುವ ಹಕ್ಕು ಖಂಡಿತ ಅವನದು, ಅದನ್ನು ಕಾನೂನು ಕೊಟ್ಟಿದೆ. ಆದರೆ ಈ ಆಟಗಳು ಕಾದಂಬರಿಯ ಹಾಗೆ ಓದಿ ಮುಗಿಯುವಂಥವಲ್ಲ. ಕೊಂಡವನು ಕೂತು ಆಡಿದಾಗಲೇ ಅವು ಪೂರ್ತಿಯಾಗುವುದು. ಆಡುವವನ ಕೆಲಸವನ್ನು ತಾನೇ ಮಾಡಿ ಮುಗಿಸಿದ ಲೇಖಕ ತನ್ನ ಕೃತಿಯನ್ನೇ ಮೊಟಕು ಮಾಡಿದಂತೆ. ಈ ಎರಡು ಹಕ್ಕುಗಳು ಒಂದನ್ನೊಂದು ತುಳಿಯದೆ ಹೇಗೆ ಬಾಳಬಹುದು ಎಂಬುದಕ್ಕೆ ಕಾಸರಗೋಡಿನಿಂದ ಉತ್ತರ ಕನ್ನಡದವರೆಗೆ ನಡೆಯುವ ತಾಳಮದ್ದಳೆ ದೊಡ್ಡ ಉದಾಹರಣೆ. ನಮ್ಮ ಕಡೆಯ ದೊಡ್ಡಾಟದಲ್ಲೂ ಸಾರಥಿ ಬಂದ ಪಾತ್ರವನ್ನು ಯಾರು ಏನು ಎಂದು ಕೇಳಿ ಮಾತಿಗೆಳೆಯುತ್ತಾನೆ, ಅಲ್ಲೂ ಒಂದಿಷ್ಟು ಆಶುಮಾತು ಇರುತ್ತದೆ. ಆದರೆ ಆಶುಮಾತನ್ನೇ ಇಡೀ ಕಲೆಯನ್ನಾಗಿ ಮಾಡಿಕೊಂಡದ್ದು ತಾಳಮದ್ದಳೆ.

ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ನಿಲ್ಲುತ್ತವೆ, ಆ ಪದ್ಯದ ಪಾತ್ರ ವಹಿಸಿದ ಅರ್ಥಧಾರಿ ಕೂತಲ್ಲೇ ಸ್ವಂತ ಮಾತಿನಲ್ಲಿ ಅರ್ಥ ಹೇಳುತ್ತಾನೆ. ಇದಿರು ಕೂತವನು ಉತ್ತರ ಕೊಡುತ್ತಾನೆ. ಮಾತು ಬರೆದಿಟ್ಟದ್ದಲ್ಲ, ಪದ್ಯ ಮಾತ್ರ ಬರೆದದ್ದು. ವಾಲಿವಧೆಯನ್ನೇ ತೆಗೆದುಕೊಳ್ಳಿ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಡೆದುಬಂದ ರಾಮಾಯಣ ಪ್ರಸಂಗಗಳಲ್ಲಿ ಅದೂ ಒಂದು. ಬಾಣ ನೆಟ್ಟು ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ: ಮರೆಯಲ್ಲಿ ನಿಂತು ಹೊಡೆದದ್ದು ಯಾವ ಕ್ಷತ್ರಿಯಧರ್ಮ, ನಿನಗೂ ನನಗೂ ಯಾವ ವೈರ, ನನ್ನನ್ನು ಕೇಳಿದ್ದರೆ ರಾವಣನಿಂದ ಸೀತೆಯನ್ನು ಬಿಡಿಸಿ ತರುತ್ತಿರಲಿಲ್ಲವೇ. ರಾಮ ವಾಲಿಯ ತಮ್ಮನ ಹೆಂಡತಿ ರುಮೆಯ ವಿಷಯ ಎತ್ತುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿ ವಾಲಿಯಾದ ರಾತ್ರಿ ಆ ಪ್ರಶ್ನೆಗಳ ಇದಿರು ರಾಮನಾದವನು ಬೆವರಬೇಕಾಗುತ್ತಿತ್ತು. ವಾದದಲ್ಲಿ ವಾಲಿ ಗೆಲ್ಲಬಹುದು. ಆದರೆ ಎದ್ದು ಕಿಷ್ಕಿಂಧೆಗೆ ನಡೆಯುವಂತಿಲ್ಲ, ಅವನು ಸಾಯುವ ಪದ್ಯ ಬರೆದಾಗಿದೆ. ಇಲ್ಲಿ ಗಮನಿಸಬೇಕಾದ್ದು ಕಟ್ಟು ಎಲ್ಲಿಂದ ಬಂತು ಎಂಬುದನ್ನು. ಕಟ್ಟು ಹಾಕಿದ್ದು ಆ ರಾತ್ರಿಗೆಂದು ಆರಿಸಿದ ಪ್ರಸಂಗ. ವಾಲ್ಮೀಕಿಯನ್ನು ಅರ್ಥಧಾರಿ ಸಾಕ್ಷಿಗೆ ಕರೆಯಬಹುದು, ತೊರವೆ ರಾಮಾಯಣವನ್ನೂ ಕರೆಯಬಹುದು, ಆದರೆ ಎರಡೂ ಪ್ರಸಂಗವನ್ನು ಮೀರುವಂತಿಲ್ಲ. ಪಾರ್ತಿಸುಬ್ಬನಿಗೆ ಸಲ್ಲಬೇಕಾದ್ದು ಸಂದಿದೆ, ಅರ್ಥಧಾರಿಯ ಬಾಯಿಯನ್ನೂ ಯಾರೂ ಕಟ್ಟಿಲ್ಲ.

ಅಂತ್ಯವೇ ನಿಗದಿಯಾದ ಕಲೆಯನ್ನು ಅಂತ್ಯ ಬಿಚ್ಚಿಟ್ಟ ಆಟಕ್ಕೆ ಹೋಲಿಸುವುದು ಹೇಗೆ ಎಂದು ಕೇಳಬಹುದು. ಎರಡರ ಕರಾರು ಬೇರೆ ನಿಜ, ಕರಾರು ಮೊದಲೇ ಆಗಿರುತ್ತದೆ ಎಂಬುದು ಮಾತ್ರ ಒಂದೇ. ವಾಲಿಯ ಅರ್ಥ ಒಪ್ಪಿಕೊಂಡವನಿಗೆ ಸಾವು ಇದೆಯೆಂದು ಕೂಡುವ ಮೊದಲೇ ಗೊತ್ತು, ಒಪ್ಪಿಯೇ ಕೂತಿದ್ದಾನೆ. 1987ರಲ್ಲಿ ಆಟಗಾರರಿಗೆ ನೋವಾದದ್ದು ಚಕ್ರವರ್ತಿ ಸತ್ತದ್ದಕ್ಕಲ್ಲ. ಆಟ ನಡುವೆ ಇರುವಾಗ, ಅವರನ್ನು ಕೇಳದೆ, ಹೊರಗಿನಿಂದ ಪದ್ಯ ಬದಲಾದದ್ದಕ್ಕೆ. ಅರ್ಧರಾತ್ರಿಗೆ ಭಾಗವತರು ಪ್ರಸಂಗವನ್ನೇ ಬದಲಿಸಿದರೆ ಎಂಥ ಅರ್ಥಧಾರಿಯೂ ತಬ್ಬಿಬ್ಬಾಗುತ್ತಾನೆ.

ಮುಂದೇನಾಗುತ್ತದೆ ಎಂದು ಆಡುವವರಿಗೆ ಗೊತ್ತಿರುವ ತೊಡಕನ್ನೂ ತಾಳಮದ್ದಳೆ ಚೆನ್ನಾಗಿ ಬಗೆಹರಿಸಿಕೊಂಡಿದೆ. ಕಥೆ ಪೂರ್ತಿ ತಿಳಿದ ಅರ್ಥಧಾರಿಯ ಕರ್ಣ ದ್ಯೂತದ ಸಭೆಯಲ್ಲಿ ಕೂತಾಗ ತಾನು ಕುಂತಿಯ ಮಗನೆಂದು ಅರಿಯದವನಾಗಿಯೇ ಮಾತಾಡಬೇಕು. ಕೃಷ್ಣ ಬಂದು ಗುಟ್ಟು ಹೇಳಿದ ಮೇಲಿನ ಕರ್ಣನ ಮಾತಿಗೆ ಬೇರೆಯೇ ಭಾರ ಬರಬೇಕು. ಇದರಲ್ಲಿ ಎಡವಿದವನನ್ನು ಇದಿರಿನವನು ಬಿಡುವುದಿಲ್ಲ, ಈ ಸಂಗತಿ ನಿನಗೆ ಹೇಗೆ ತಿಳಿಯಿತು ಎಂದು ಅಲ್ಲೇ ಹಿಡಿಯುತ್ತಾನೆ. ಕೇಳುವವರೂ ಸುಮ್ಮನಿರುವುದಿಲ್ಲ. ಮಾತು ದಾರಿ ಬಿಟ್ಟು ಎಲ್ಲೆಲ್ಲೋ ಹೋದರೆ ಭಾಗವತರು ಮುಂದಿನ ಪದ್ಯ ಎತ್ತಿಬಿಡುತ್ತಾರೆ, ಅಲ್ಲಿಗೆ ಮಾತು ನಿಂತಿತು. ರೆಫರಿಯ ಕೈಗೆ ಎಲ್ಲ ಕೊಟ್ಟರೆ ಅವನು ಮನಸೋಇಚ್ಛೆ ನಡೆದುಕೊಳ್ಳುತ್ತಾನೆ, ಅಧಿಕೃತ ಪುಸ್ತಕ ಇಲ್ಲದಿದ್ದರೆ ಅವನನ್ನು ಹಿಡಿಯುವವರು ಯಾರು ಎಂಬ ಭಯಕ್ಕೆ ಇದೇ ಉತ್ತರ. ಹಿಡಿಯುವವರು ಇದಿರು ಕೂತವರು. ದೂರದ ಊರಲ್ಲಿ ಅಚ್ಚಾದ ಪಟ್ಟಿಗೆ ಆ ರಾತ್ರಿಯ ಮಾತು ಕೇಳಿಸುವುದಿಲ್ಲ.

ಹಾಗಾದರೆ ಅಧಿಕೃತ ಪಾಠ ಬೇಡವೇ? ಬೇಕು. ಪುಣೆಯ ಭಂಡಾರಕರ ಸಂಶೋಧನಾ ಸಂಸ್ಥೆ 1919ರಲ್ಲಿ ಕೈಹಾಕಿ 1966ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕೃತ ಆವೃತ್ತಿಗಿಂತ ದೊಡ್ಡ ಅಧಿಕೃತ ಪಾಠ ನಮ್ಮ ದೇಶದಲ್ಲಿ ಇನ್ನೊಂದಿಲ್ಲ. ವಿಷ್ಣು ಸುಖಠಣಕರ್ ಮತ್ತು ಅವರ ನಂತರದ ವಿದ್ವಾಂಸರು ದೇಶದ ಮೂಲೆಮೂಲೆಯ 1,259 ಹಸ್ತಪ್ರತಿಗಳನ್ನು ಒಂದಕ್ಕೊಂದು ತಾಳೆ ನೋಡಿದರು. ಗಣಪತಿ ಲಿಪಿಕಾರನಾದ ಕಥೆ ಹಳೆಯ ಪಾಠದ್ದಲ್ಲವೆಂದು ಅನುಬಂಧಕ್ಕೆ ಹೋಯಿತು. ವಸ್ತ್ರಾಪಹರಣದಲ್ಲಿ ದ್ರೌಪದಿ ಕೃಷ್ಣನನ್ನು ಕೂಗುವ ಭಾಗವೂ ಹೋಯಿತು. ಇದು ಅಪಾರ ಬೆಲೆಯ ಕೆಲಸ, ಯಾವ ಎಳೆ ಎಲ್ಲಿಂದ ಬಂತೆಂದು ತಿಳಿಯಲು ಬೇರೆ ದಾರಿಯೇ ಇಲ್ಲ. ಆದರೆ ದ್ರೌಪದಿ ವಸ್ತ್ರಾಪಹರಣ ಆಡುವ ಯಾವ ಮೇಳವೂ ಅವಳ ಕೂಗನ್ನು ಕೈಬಿಡಲಿಲ್ಲ, ಪುಣೆಯ ಪಂಡಿತರು ಬಿಡಿ ಎಂದು ಹೇಳಲೂ ಇಲ್ಲ. ಪಾಠವನ್ನು ನಿಷ್ಕರ್ಷೆ ಮಾಡುವುದು ಬೇರೆ, ಆಟವನ್ನು ನಿಯಂತ್ರಿಸುವುದು ಬೇರೆ ಎಂಬ ಅರಿವು ಎರಡೂ ಕಡೆ ಇತ್ತು. ಆಟದ ಪ್ರಕಾಶಕರು ತಮ್ಮ ಲೋಕದ ಚರಿತ್ರೆಯನ್ನು ಇಷ್ಟೇ ಶ್ರದ್ಧೆಯಿಂದ ತಾಳೆ ನೋಡಿ ಇಡಲಿ. ಯಾವ ಸಂಗತಿ ಯಾವ ವರ್ಷದ ಯಾವ ಪುಸ್ತಕದಲ್ಲಿ ಮೊದಲು ಬಂತು, ಎಲ್ಲಿ ವಿರೋಧವಿದೆ ಎಂದು ಬಿಚ್ಚಿ ಹೇಳಲಿ. ರೆಫರಿಗೆ ಅದು ನಿಜವಾದ ಉಪಕಾರ.

ಹಳೆಯ ಪಾಠವನ್ನು ಅಳಿಸಬಾರದು ಎಂಬುದೂ ಇದಕ್ಕೇ ಸೇರಿದ ಮಾತು. ಅಲ್ಲಮಪ್ರಭುವನ್ನು ನಡುವಿಟ್ಟು ಶರಣರ ವಚನಗಳನ್ನೇ ಸಂವಾದವಾಗಿ ಜೋಡಿಸಿದ ಶೂನ್ಯಸಂಪಾದನೆಗಳು ನಾಲ್ಕಿವೆ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯ ಅವುಗಳನ್ನು ಸಂಪಾದಿಸಿದವರು. ಸಿದ್ಧರಾಮನ ದೀಕ್ಷೆಯ ಪ್ರಸಂಗದಂಥ ಮುಖ್ಯ ಸಂಗತಿಯಲ್ಲೇ ಇವು ಒಂದೇ ದಾರಿ ಹಿಡಿಯುವುದಿಲ್ಲ. ನಾಲ್ಕೂ ಉಳಿದು ಬಂದದ್ದರಿಂದ ನಾವು ಅಕ್ಕಪಕ್ಕ ಇಟ್ಟು ಓದಬಹುದು, ಯಾರಿಗೆ ಯಾವುದು ಯಾಕೆ ಬೇಕಾಯಿತು ಎಂದು ಯೋಚಿಸಬಹುದು. ಉಳಿಸುವುದಕ್ಕೆ ದುಡ್ಡೂ ಬೇಕು, ಮನಸ್ಸೂ ಬೇಕು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು ಎಂಬುದನ್ನು ನಾವು ದಾನದ ಕಥೆಯಾಗಿ ಮಾತ್ರ ಹೇಳುತ್ತೇವೆ. ಅಚ್ಚುಮೊಳೆ ಇಲ್ಲದ ಕಾಲದಲ್ಲಿ, ತಾಳೆಗರಿಯ ಮೇಲೆ ಕಂಟದಿಂದ ಒಂದೊಂದೇ ಅಕ್ಷರ ಕೊರೆಯಿಸಿ, ಹಳೆಯ ಕೃತಿಯೊಂದು ಮರೆಯಾಗದಂತೆ ನೋಡಿಕೊಂಡ ಕೆಲಸ ಅದು. ಸ್ಟಾರ್ ವಾರ್ಸ್ ಲೋಕದ ಒಡೆತನದ ಲ್ಯೂಕಸ್‌ಫಿಲ್ಮ್ 2014ರ ಏಪ್ರಿಲ್‌ನಲ್ಲಿ ಅದುವರೆಗಿನ ಕಾದಂಬರಿ, ಕಾಮಿಕ್ಸ್‌ಗಳ ದೊಡ್ಡ ರಾಶಿಯನ್ನು ಇನ್ನು ಅಧಿಕೃತವಲ್ಲ ಎಂದು ಸಾರಿದಾಗ ಓದುಗರಿಗೆ ಕೋಪ ಬಂತು. ಆದರೆ ಆ ಪುಸ್ತಕಗಳನ್ನು ಸುಡಲಿಲ್ಲ, ಲೆಜೆಂಡ್ಸ್ ಎಂಬ ಪಟ್ಟಿ ಹಚ್ಚಿ ಮಾರುತ್ತಲೇ ಇದ್ದಾರೆ. ಅಷ್ಟರ ಮಟ್ಟಿಗೆ ಅದು ಸರಿಯಾದ ನಡೆ.

ಉಳಿದದ್ದು ಕಾಲವನ್ನು ಮುಂದೆ ನಡೆಸುವ ಪ್ರಶ್ನೆ. ಲೋಕ ಒಂದೇ ವರ್ಷದಲ್ಲಿ ನಿಂತರೆ ಹಳಸುತ್ತದೆ, ಹೊಸ ಪುಸ್ತಕಕ್ಕೆ ಹೊಸ ಸುದ್ದಿ ಬೇಕಲ್ಲ ಎನ್ನುತ್ತಾರೆ. ರನ್ನ ಇದಕ್ಕೆ ಬೇರೆ ದಾರಿ ತೋರಿಸಿದ್ದಾನೆ. ಪಂಪ ಇಡೀ ಭಾರತ ಹೇಳಿ ಮುಗಿಸಿದ ಮೇಲೆ ಅವನು ಕಥೆಯನ್ನು ಯುದ್ಧದಾಚೆಗೆ ಎಳೆಯಲಿಲ್ಲ. ಯುದ್ಧದ ಕೊನೆಯ ದಿನವನ್ನು ಹಿಡಿದು ನಿಂತು, ಅಲ್ಲಿಂದ ಹಿಂದಿನದನ್ನೆಲ್ಲ ತಿರುಗಿ ನೋಡಿದ. ವಿದ್ವಾಂಸರು ಅದನ್ನು ಸಿಂಹಾವಲೋಕನ ಕ್ರಮ ಎನ್ನುತ್ತಾರೆ. ಒಂದು ದಿನದೊಳಗೆ ಇಡೀ ಭಾರತ ಬಂತು, ಸೋತ ದುರ್ಯೋಧನ ಹೆಣಗಳ ನಡುವೆ ನಡೆಯುವ ಭಾಗ ಕನ್ನಡಕ್ಕೆ ದಕ್ಕಿತು. ಮಂಗೂಸ್‌ನವರು 1105ರಲ್ಲಿ ನಿಂತು ಗಡಿಯ ಒಂದೊಂದೇ ಗ್ರಹದ ಒಳಹೊಕ್ಕು ಪುಸ್ತಕ ಬರೆಯಿಸಿದ್ದು ಇದೇ ಜಾಯಮಾನದ ಕೆಲಸ. ಹರಹು ಹೆಚ್ಚಿಸಲು ಮುಂದಕ್ಕೇ ಓಡಬೇಕಾಗಿಲ್ಲ, ಒಳಗೆ ಇಳಿಯಲೂ ಬಹುದು.

ಚಕ್ರವರ್ತಿಯ ಹತ್ಯೆ, ಆಮೇಲಿನ ದಂಗೆ, ವೈರಸ್ಸಿನ ಪಾಳುಲೋಕ, ಇವುಗಳನ್ನು ಇಷ್ಟಪಟ್ಟು ಆಡಿದವರೂ ಬಹಳ ಜನ ಇದ್ದಾರೆ. ಅವರ ಆಟವನ್ನು ಕಸಿಯಬೇಕೆಂದು ಈ ವಾದ ಹೇಳುವುದಿಲ್ಲ. ಅವರ ಕರಾರಿನಲ್ಲಿ 1116 ಇದೆ, ಇನ್ನೊಬ್ಬರದರಲ್ಲಿ ಇಲ್ಲ, ಅಷ್ಟೇ. ಒಂದು ಊರಿನ ಆಟಗಾರ ಇನ್ನೊಂದು ಊರಿನ ಮೇಜಿಗೆ ಹೋದರೆ ಪರಸ್ಪರ ಅರ್ಥವಾಗುವುದು ಹೇಗೆ ಎಂಬ ಚಿಂತೆಯೂ ಬೇಕಿಲ್ಲ. ಬೇರೆ ಮೇಳದ ಅರ್ಥಧಾರಿ ಬಂದಾಗ ಅವನು ಮೊದಲು ಕೇಳುವುದು ಇವತ್ತು ಯಾವ ಪ್ರಸಂಗ, ನನಗೆ ಯಾವ ಅರ್ಥ, ಎಲ್ಲಿಂದ ಎಲ್ಲಿಯವರೆಗೆ ಎಂದು. ಅಷ್ಟು ತಿಳಿದರೆ ಕೂತು ಮಾತಾಡುತ್ತಾನೆ. ರೆಫರಿಯೂ ಮೊದಲ ದಿನವೇ ಅಷ್ಟನ್ನು ಹೇಳಿಬಿಡಬೇಕು: ನಮ್ಮ ಕಥೆ ಶಕೆಯ ಈ ವರ್ಷದಲ್ಲಿ ಶುರು, ಇಂತಿಂಥ ಪುಸ್ತಕಗಳಲ್ಲಿರುವುದು ನಮಗೆ ನಡೆದದ್ದು, ಜಿಗಿತಕ್ಕೆ ಒಂದು ವಾರ ಎಂಬುದನ್ನು ಯಾವ ಕಾರಣಕ್ಕೂ ಮುಟ್ಟುವುದಿಲ್ಲ, 1116ರ 132ನೇ ದಿನ ಬಂದಾಗ ಏನಾಗುತ್ತದೆ ಎಂಬುದು ನೀವು ಮಾಡುವುದರ ಮೇಲೆ. ಪ್ರಕಾಶಕರು ಆ ದಿನದ ಬಗ್ಗೆ ಪುಸ್ತಕ ಬರೆಯುವುದಾದರೆ ಚಕ್ರವರ್ತಿ ಸತ್ತರೆ ಏನು, ಉಳಿದರೆ ಏನು ಎಂದು ಎರಡನ್ನೂ ಬರೆಯಬಹುದು. ಕುಮಾರವ್ಯಾಸ ಹತ್ತು ಪರ್ವಕ್ಕೆ, ಗದಾಪರ್ವಕ್ಕೆ, ತನ್ನ ಭಾರತ ನಿಲ್ಲಿಸಿದ. ಮುಂದಿನ ಪರ್ವಗಳನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣಕವಿ ಬರೆದ. ಗದುಗಿನ ಭಾರತ ಓದುವವರು ಹತ್ತಕ್ಕೇ ಮುಗಿಸುವುದೂ ಉಂಟು, ಬೇಕಾದವರು ತಿಮ್ಮಣ್ಣನನ್ನು ಹಿಡಿದು ಮುಂದೆ ಹೋಗುವುದೂ ಉಂಟು.